ಆಂಪ್‌ನ ನಕಲು ಎಷ್ಟು ಪಕ್ಕಾ ಇರಬೇಕು?

ಗಿಟಾರ್ ನುಡಿಸೋ ಇಬ್ಬರು ಕ್ಯಾಂಟೀನ್‌ನಲ್ಲಿ ಒಂದೇ ಟೇಬಲ್‌ಗೆ ಕೂತರೆ ಕಾಫಿ ಬರೋದ್ರೊಳಗೆ ಈ ವಾದ ಶುರುವಾಗುತ್ತೆ. "ಲ್ಯಾಪ್‌ಟಾಪ್‌ನಲ್ಲಿ ಬರೋ ಆಂಪ್ ಸೌಂಡ್ ಎಷ್ಟಾದ್ರೂ ಡೂಪ್ಲಿಕೇಟ್ ಕಣೋ" ಅಂತ ಒಬ್ಬ. "ಕಣ್ಣು ಮುಚ್ಕೊಂಡು ಕೇಳು, ನಿಂಗೇ ಗೊತ್ತಾಗಲ್ಲ" ಅಂತ ಇನ್ನೊಬ್ಬ. ತಮಾಷೆ ಏನಂದ್ರೆ, ಇಬ್ಬರೂ ಒಂದು ಮಾತನ್ನ ಒಪ್ಪಿಕೊಂಡೇ ಜಗಳ ಆಡ್ತಿರ್ತಾರೆ: ನಕಲು ಅಸಲಿಗೆ ಎಷ್ಟು ಹತ್ತಿರ ಇರುತ್ತೋ ಅಷ್ಟು ಚೆನ್ನಾಗಿ ಕೇಳುತ್ತೆ ಅಂತ. ಆ ಮಾತು ನಿಜಾನಾ? ಈ ಲೇಖನದಲ್ಲಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಇದು ನಮಗೆ ಬರೀ ಹರಟೆಯ ವಿಷಯ ಅಲ್ಲ. ನಾವು ಜಕ್ಕೂರಿನ ಪಿಜಿಗಳಲ್ಲಿ ಇರೋರು. ಏರೋಡ್ರೋಮ್‌ನ ಟ್ರೈನಿಂಗ್ ವಿಮಾನ ತಲೆ ಮೇಲೆ ಹಾರಿದ್ರೆ ಯಾರೂ ಏನೂ ಅನ್ನಲ್ಲ, ನಾವು ರಾತ್ರಿ ಒಂಬತ್ತಕ್ಕೆ ಒಂದು ಕಾರ್ಡ್ ಬಾರಿಸಿದ್ರೆ ಪಿಜಿ ಆಂಟಿ ಬಾಗಿಲು ತಟ್ತಾರೆ. ವಾಲ್ವ್ ಆಂಪ್ ಕೊಳ್ಳೋ ದುಡ್ಡೂ ಇಲ್ಲ, ಇಡೋ ಜಾಗವೂ ಇಲ್ಲ. ಹೋದ ಸೆಮ್‌ನಲ್ಲಿ ನಮ್ಮ ಜೊತೆ ನುಡಿಸೋಕೆ ಬರ್ತಿದ್ದ ಫಸ್ಟ್ ಇಯರ್ ಹುಡುಗ ಒಬ್ಬ "ನನ್ನ ಹತ್ರ ನಿಜವಾದ ಆಂಪ್ ಇಲ್ಲ, ಸುಮ್ನೆ ಯಾಕೆ" ಅಂದು ಬರೋದನ್ನೇ ನಿಲ್ಲಿಸಿಬಿಟ್ಟ. ಚೆನ್ನಾಗಿ ನುಡಿಸ್ತಿದ್ದ ಹುಡುಗ. ಆದ್ದರಿಂದ "ನಕಲು ಎಷ್ಟು ಪಕ್ಕಾ ಇದ್ರೆ ಸಾಕು" ಅನ್ನೋ ಪ್ರಶ್ನೆಗೆ ಉತ್ತರ ನಮಗೆ ಬೇಕೇ ಬೇಕು.

ಆಂಪ್ ಒಳಗೆ ಏನಾಗುತ್ತೆ?

ಗಿಟಾರ್‌ನ ಪಿಕಪ್ ಕೊಡೋ ಸಿಗ್ನಲ್ ತುಂಬಾ ಸಣ್ಣದು. ಅದನ್ನ ದೊಡ್ಡದು ಮಾಡೋದು ಆಂಪ್‌ನ ಕೆಲಸ. ಆದ್ರೆ ಗೇನ್ ಜಾಸ್ತಿ ಮಾಡ್ತಾ ಹೋದ್ರೆ ವಾಲ್ವ್‌ಗೆ ಒಂದು ಹಂತದಲ್ಲಿ ಸಾಕಾಗಿಹೋಗುತ್ತೆ. ಅಲೆಯ ತುದಿ ಚಪ್ಪಟೆ ಆಗುತ್ತೆ. ನಾವು ಅನಲಾಗ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ನೋಡಿದ ಕ್ಲಿಪ್ಪಿಂಗ್ ಇದೇ. 220 ಹರ್ಟ್ಸ್‌ನ ಒಂದು ಅಲೆಯನ್ನ ಎರಡೂ ಕಡೆ ಸಮನಾಗಿ ಚಪ್ಪಟೆ ಮಾಡಿದ್ರೆ 660, 1,100 ಹೀಗೆ ಬೆಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಚಪ್ಪಟೆ ಆದ್ರೆ 440, 880 ಕೂಡ ಸೇರಿಕೊಳ್ತವೆ. ಒಳಗೆ ಹೋಗದೇ ಇದ್ದ ಸ್ವರಗಳು ಹೊರಗೆ ಬರ್ತವೆ. ಲೀನಿಯರ್ ಅಲ್ಲದ ಸಿಸ್ಟಮ್‌ನ ಗುಣವೇ ಅದು.

ಇದು ರಾಕ್ ಸಂಗೀತದವರ ಸ್ವಂತ ಆಸ್ತಿ ಏನಲ್ಲ. ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ ಒಂದು ಸಣ್ಣ ನೂಲು ಇಡ್ತಾರಲ್ಲ, ಸಂಗೀತಗಾರರು ಅದನ್ನ "ಜೀವ" ಅಂತ ಕರೀತಾರೆ. ಆ ನೂಲು ಸರಿಯಾದ ಜಾಗಕ್ಕೆ ಬಂದ ತಕ್ಷಣ ತಂತಿ ಝೇಂಕರಿಸೋಕೆ ಶುರುಮಾಡುತ್ತೆ. ಸಿ.ವಿ. ರಾಮನ್ 1921ರಲ್ಲೇ ಇದರ ಬಗ್ಗೆ ಒಂದು ಲೇಖನ ಬರೆದಿದ್ರು. ತಂತಿಯನ್ನ ಯಾವ ಬಿಂದುವಿನಲ್ಲಿ ಮೀಟ್ತೀವೋ ಅಲ್ಲಿ ನೋಡ್ ಇರೋ ಹಾರ್ಮೋನಿಕ್‌ಗಳು ಕೇಳಬಾರದು ಅನ್ನೋದು ಪುಸ್ತಕದ ನಿಯಮ. ವೀಣೆ, ತಂಬೂರಿಗಳಲ್ಲಿ ಅವೂ ಕೇಳ್ತವೆ ಅಂತ ರಾಮನ್ ತೋರಿಸಿದ್ರು. ತಂತಿ ಕುದುರೆಯನ್ನ ಸವರಿಕೊಂಡು ಅದುರೋದೇ ಇದಕ್ಕೆ ಕಾರಣ. ಅವರು 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ನಾವು ಜಕ್ಕೂರಿಂದ ಬಳ್ಳಾರಿ ರಸ್ತೆ ಹಿಡಿದು ಸಿಟಿಗೆ ಹೋಗೋವಾಗ ಮೇಖ್ರಿ ಸರ್ಕಲ್ ಹತ್ತಿರ ಸಿಗುತ್ತೆ.

ವಾಲ್ವ್ ಆದ ಮೇಲೆ ಸ್ಪೀಕರ್. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಬೇಗ ಸೋಲುತ್ತೆ. ಈ "ಸೋಲು" ಇಲ್ಲದಿದ್ರೆ ಡಿಸ್ಟಾರ್ಷನ್ ಕಿವಿಯಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ಅಂದ್ರೆ ಅಸಲಿ ಆಂಪ್‌ನ ಸೊಗಸಿನಲ್ಲಿ ಅರ್ಧ ಪಾಲು ಅದರ ದೋಷಗಳದ್ದೇ.

ನಕಲು ಮಾಡೋಕೆ ಎರಡು ದಾರಿ

ಮೊದಲನೇ ದಾರಿ, ಸರ್ಕ್ಯೂಟ್ ತೆರೆದು ನೋಡೋದು. ಪ್ರತಿ ರೆಸಿಸ್ಟರ್, ಕೆಪಾಸಿಟರ್, ವಾಲ್ವ್‌ಗೂ ಸಮೀಕರಣ ಬರೆದು, ಕಿರ್ಚಾಫ್ ನಿಯಮ ಹಾಕಿ, ಪ್ರತಿ ಸ್ಯಾಂಪಲ್‌ಗೂ ಬಿಡಿಸೋದು. ವಾಲ್ವ್‌ನ ಸಮೀಕರಣ ನೇರವಾಗಿ ಬಿಡಿಸೋಕೆ ಬರಲ್ಲ, ಹಾಗಾಗಿ ಎರಡನೇ ಸೆಮ್‌ನಲ್ಲಿ ಬೈಕೊಂಡು ಕಲಿತ ನ್ಯೂಟನ್-ರಾಫ್ಸನ್ ಇಲ್ಲಿ ಕೆಲಸಕ್ಕೆ ಬರುತ್ತೆ. ಸೆಕೆಂಡಿಗೆ 48,000 ಸಲ.

ಎರಡನೇ ದಾರಿ, ಆಂಪನ್ನ ಮುಚ್ಚಿದ ಡಬ್ಬಿ ಅಂದುಕೊಳ್ಳೋದು. ಒಳಗೆ ಏನು ಕೊಟ್ವಿ, ಹೊರಗೆ ಏನು ಬಂತು, ಇಷ್ಟನ್ನೇ ರೆಕಾರ್ಡ್ ಮಾಡಿ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸೋದು. ಸ್ಟೀವನ್ ಆಟ್ಕಿನ್ಸನ್ ಅನ್ನೋರು ಬರೆದ ನ್ಯೂರಲ್ ಆಂಪ್ ಮಾಡೆಲರ್ ಹೀಗೆ ಕೆಲಸ ಮಾಡುತ್ತೆ. ಅದು ಉಚಿತ, ಕೋಡ್ ಕೂಡ ತೆರೆದೇ ಇದೆ. ಕೆಲವೇ ನಿಮಿಷದ ಒಂದು ಆಡಿಯೋವನ್ನ ಆಂಪ್ ಮೂಲಕ ಓಡಿಸಿ ರೆಕಾರ್ಡ್ ಮಾಡಿಕೊಂಡ್ರೆ ಸಾಕು, ಉಳಿದದ್ದು ಟ್ರೈನಿಂಗ್.

ಟ್ರೈನಿಂಗ್ ಮುಗಿದ ಮೇಲೆ ಒಂದು ಅಂಕಿ ಬರುತ್ತೆ. ಇಎಸ್‌ಆರ್, ಅಂದ್ರೆ ಎರರ್ ಟು ಸಿಗ್ನಲ್ ರೇಶಿಯೋ. ಅಸಲಿ ಔಟ್‌ಪುಟ್‌ನಿಂದ ನಕಲನ್ನ ಕಳೆದು, ಬಂದ ವ್ಯತ್ಯಾಸದ ಶಕ್ತಿಯನ್ನ ಅಸಲಿಯ ಶಕ್ತಿಯಿಂದ ಭಾಗಿಸಿದ್ರೆ ಸಿಗೋ ಸಂಖ್ಯೆ. 0.01ಕ್ಕಿಂತ ಕಡಿಮೆ ಬಂದ್ರೆ ಎಲ್ಲರೂ ಖುಷಿ ಪಡ್ತಾರೆ. ಆಮೇಲೆ ಅದನ್ನ 0.005 ಮಾಡೋಕೆ, 0.002 ಮಾಡೋಕೆ ರಾತ್ರಿಯಿಡೀ ಟ್ರೈನಿಂಗ್ ಓಡಿಸೋರೂ ಇದ್ದಾರೆ. ಆ ರಾತ್ರಿಗೆ ಬೆಲೆ ಇದೆಯಾ?

ಅಂಕಿ ಒಂದು ಹೇಳುತ್ತೆ, ಕಿವಿ ಇನ್ನೊಂದು ಹೇಳುತ್ತೆ

ಮೂರು ಉದಾಹರಣೆ ತಗೊಳ್ಳೋಣ. ಎಲ್ಲಾನೂ ಪೆನ್ನು ಪೇಪರ್‌ನಲ್ಲೇ ಲೆಕ್ಕ ಮಾಡಬಹುದು.

ಒಂದು. ನಿಮ್ಮ ನಕಲು ನೂರಕ್ಕೆ ನೂರು ಸರಿ ಇದೆ, ಆದ್ರೆ ಪ್ಲಸ್ ಮೈನಸ್ ತಲೆಕೆಳಗಾಗಿದೆ ಅಂದ್ಕೊಳ್ಳಿ. ವ್ಯತ್ಯಾಸ ಅಸಲಿಯ ಎರಡರಷ್ಟು, ಅದರ ವರ್ಗ ನಾಲ್ಕು. ಇಎಸ್‌ಆರ್ 4. ಖುಷಿ ಪಡೋ ಗಡಿಗಿಂತ 400 ಪಟ್ಟು ಜಾಸ್ತಿ! ಆ ಟ್ರ್ಯಾಕನ್ನ ಒಂದೇ ಹಾಕಿ ಕೇಳಿ, ನಿಮ್ಮ ಕಿವಿಗೆ ಏನೂ ಗೊತ್ತಾಗಲ್ಲ.

ಎರಡು. ನಕಲು ಸರಿಯಾಗೇ ಇದೆ, ಆದ್ರೆ ಒಂದೇ ಒಂದು ಸ್ಯಾಂಪಲ್ ತಡ. 48,000ದ ಲೆಕ್ಕದಲ್ಲಿ ಒಂದು ಸ್ಯಾಂಪಲ್ ಅಂದ್ರೆ ಸುಮಾರು 21 ಮೈಕ್ರೋಸೆಕೆಂಡ್. 1,000 ಹರ್ಟ್ಸ್‌ನ ಸ್ವರಕ್ಕೆ ಇದರಿಂದ ಬರೋ ಇಎಸ್‌ಆರ್ ಸುಮಾರು 0.017. 5,000 ಹರ್ಟ್ಸ್‌ಗೆ ಸುಮಾರು 0.41. ಅಂಕಿ ಪ್ರಕಾರ ಇದು ಫೇಲ್. ಆದ್ರೆ 21 ಮೈಕ್ರೋಸೆಕೆಂಡ್‌ನಲ್ಲಿ ಶಬ್ದ ಗಾಳಿಯಲ್ಲಿ ಹೋಗೋದು ಬರೀ 7 ಮಿಲಿಮೀಟರ್. ನೀವು ಸ್ಪೀಕರ್ ಮುಂದೆ ಕೂತು ತಲೆ ಒಂದು ಚೂರು ಹಿಂದೆ ಸರಿಸಿದ್ರೂ ಅದಕ್ಕಿಂತ ಜಾಸ್ತಿ ತಡ ಆಗುತ್ತೆ.

ಮೂರನೇದು ಇದಕ್ಕೆ ಪೂರ್ತಿ ಉಲ್ಟಾ. ಮೇಲಿನ ತಂತಿಯಲ್ಲಿ 1,010 ಹರ್ಟ್ಸ್‌ನ ಒಂದು ಸ್ವರ, ಫುಲ್ ಡಿಸ್ಟಾರ್ಷನ್. ಅದರ 39ನೇ ಹಾರ್ಮೋನಿಕ್ 39,390 ಹರ್ಟ್ಸ್. ಅಸಲಿ ಆಂಪ್‌ನಲ್ಲಿ ಅದು ಹುಟ್ಟಿದ್ರೂ ಸ್ಪೀಕರ್ ನುಂಗಿಬಿಡುತ್ತೆ, ಉಳಿದ್ರೂ ನಮ್ಮ ಕಿವಿಗೆ ಬೀಳಲ್ಲ. ಕಂಪ್ಯೂಟರ್‌ನಲ್ಲಿ ಕಥೆ ಬೇರೆ. 48,000ದ ಸ್ಯಾಂಪ್ಲಿಂಗ್‌ನಲ್ಲಿ 24,000ಕ್ಕಿಂತ ಮೇಲಿನದ್ದಕ್ಕೆ ಜಾಗ ಇಲ್ಲ, ಹಾಗಾಗಿ ಅದು ಮಡಚಿಕೊಂಡು 8,610 ಹರ್ಟ್ಸ್‌ಗೆ ಬಂದು ಕೂರುತ್ತೆ. ನಾವು ಓದಿದ ಅಲಿಯಾಸಿಂಗ್ ಇದೇ. 1,010ರ ಮಗ್ಗಿ ಎಷ್ಟು ಸಲ ಹೇಳಿದ್ರೂ 8,610 ಬರಲ್ಲ, ಅಂದ್ರೆ ಅದು ಅಪಸ್ವರ. ಈಗ ತಂತಿಯನ್ನ ಬೆಂಡ್ ಮಾಡಿ ಸ್ವರವನ್ನ 1,020ಕ್ಕೆ ಏರಿಸಿ. ಈ ಅಪಸ್ವರ 8,220ಕ್ಕೆ ಇಳಿಯುತ್ತೆ! ಬೆರಳು ಮೇಲೆ ಹೋದಾಗ ಏನೋ ಒಂದು ಕೆಳಗೆ ಜಾರುತ್ತೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ಚುಚ್ಚುತ್ತೆ. ಇದರ ಎತ್ತರ ಮೂಲ ಸಿಗ್ನಲ್‌ನ ನೂರರಲ್ಲಿ ಒಂದು ಭಾಗ ಇದ್ದರೆ ಇಎಸ್‌ಆರ್‌ಗೆ ಸೇರೋದು ಬರೀ 0.0001. ಅಂಕಿ ಪ್ರಕಾರ ಡಿಸ್ಟಿಂಕ್ಷನ್, ಕಿವಿ ಪ್ರಕಾರ ಕಿರಿಕಿರಿ.

ಇದಕ್ಕೇ ಒಳ್ಳೆಯ ಮಾಡೆಲರ್‌ಗಳು ಒಳಗಡೆ ನಾಲ್ಕು ಪಟ್ಟು, ಎಂಟು ಪಟ್ಟು ವೇಗದಲ್ಲಿ ಲೆಕ್ಕ ಮಾಡಿ, ಮೇಲಿನದ್ದನ್ನ ಫಿಲ್ಟರ್ ಮಾಡಿ, ಆಮೇಲೆ 48,000ಕ್ಕೆ ಇಳಿಸ್ತವೆ. ಒಟ್ಟು ತಪ್ಪು ಎಷ್ಟು ಅನ್ನೋದಕ್ಕಿಂತ ಆ ತಪ್ಪು ಎಲ್ಲಿ ಕೂತಿದೆ ಅನ್ನೋದೇ ಇಲ್ಲಿ ಮುಖ್ಯ.

ಅಸಲಿ ಅಂದ್ರೆ ಯಾವುದು ಸ್ವಾಮಿ?

ಇನ್ನೊಂದು ತೊಡಕಿದೆ. "ಅಸಲಿಗೆ ಹತ್ತಿರ" ಅಂತೀವಲ್ಲ, ಯಾವ ಅಸಲಿಗೆ?

ಹಳೇ ಕಾಲದ ಆಂಪ್‌ಗಳ ರೆಸಿಸ್ಟರ್‌ಗಳಲ್ಲಿ ಶೇ. 10ರಷ್ಟು ಹೆಚ್ಚು ಕಡಿಮೆ ಇರೋದು ಮಾಮೂಲಿ. ವಾಲ್ಯೂಮ್, ಟೋನ್ ತಿರುಗಿಸೋ ಪಾಟ್‌ಗಳಲ್ಲಿ ಶೇ. 20. ವಾಲ್ವ್ ಬಳಸಿದಷ್ಟೂ ಸವೆಯುತ್ತೆ, ಕೆಪಾಸಿಟರ್ ವರ್ಷ ಕಳೆದಂತೆ ಒಣಗುತ್ತೆ. ಒಂದೇ ವರ್ಷ, ಒಂದೇ ಫ್ಯಾಕ್ಟರಿಯಲ್ಲಿ ಆದ ಎರಡು ಆಂಪ್‌ಗಳು ಒಂದೇ ಥರ ಕೇಳಲ್ಲ. ಅಷ್ಟೇ ಯಾಕೆ, ಗೋಡೆಯಿಂದ ಬರೋ ವೋಲ್ಟೇಜ್ ಇಳಿದ್ರೆ ಅದೇ ಆಂಪ್ ಬೇರೆ ಥರ ನಡ್ಕೊಳ್ಳುತ್ತೆ. ಸಂಜೆ ಹೊತ್ತು ನಮ್ಮ ಪಿಜಿಯ ಫ್ಯಾನ್ ನಿಧಾನ ಆಗೋದನ್ನ ನೋಡಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಇಟ್ಟ ಮೈಕನ್ನ ಸ್ಪೀಕರ್‌ನ ನಡುವಿನಿಂದ ಅಂಚಿನ ಕಡೆಗೆ ಒಂದು ಇಂಚು ಸರಿಸಿದ್ರೂ ಸಾಕು, ಬರೋ ಬದಲಾವಣೆ ಯಾರ ಕಿವಿಗಾದ್ರೂ ಗೊತ್ತಾಗುತ್ತೆ.

ಹಾಗಾಗಿ 0.002 ಇಎಸ್‌ಆರ್ ಬಂತು ಅಂದ್ರೆ ಅರ್ಥ ಇಷ್ಟೇ: ಒಂದು ಆಂಪ್, ಒಂದು ದಿನ, ಒಂದು ವೋಲ್ಟೇಜ್, ಒಂದು ಜಾಗದಲ್ಲಿ ಇಟ್ಟ ಮೈಕ್. ಅದರ ಫೋಟೋ ತುಂಬಾ ಶಾರ್ಪ್ ಆಗಿ ಬಂದಿದೆ. ಆವತ್ತು ಆ ಆಂಪ್ ಚೆನ್ನಾಗಿ ಕೇಳ್ತಿತ್ತಾ ಇಲ್ವಾ ಅನ್ನೋದನ್ನ ಆ ಸಂಖ್ಯೆ ಹೇಳಲ್ಲ.

ತಂಬೂರಿ ಪೆಟ್ಟಿಗೆ ಕಲಿಸೋ ಪಾಠ

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಬಂದಿದ್ದು 1979ರಲ್ಲಿ. ಮಾಡಿದವರು ಜಿ. ರಾಜ್ ನಾರಾಯಣ್, ಓದಿದ್ದು ಎಂಜಿನಿಯರಿಂಗ್, ನುಡಿಸ್ತಿದ್ದದ್ದು ಕೊಳಲು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳನ್ನ ನಮ್ಮಲ್ಲಿ ಸಂಗೀತ ಕ್ಲಾಸಿಗೆ ಹೋದವರು ಒಂದಲ್ಲ ಒಂದು ಕಡೆ ನೋಡೇ ಇರ್ತಾರೆ.

ಆ ಪೆಟ್ಟಿಗೆ ತಂಬೂರಿಯ ಪಕ್ಕಾ ನಕಲಾ? ಅಲ್ಲ. ಸೋರೆ ಬುರುಡೆ ಇಲ್ಲ, ತಂತಿ ಇಲ್ಲ, ಜೀವ ಇಡೋ ಕುದುರೆಯೂ ಇಲ್ಲ. ಪಕ್ಕದಲ್ಲಿ ಒಂದು ಒಳ್ಳೆ ತಂಬೂರಿ ಇಟ್ಟು ಮೀಟಿದ್ರೆ ಮಗುವಿಗೂ ವ್ಯತ್ಯಾಸ ಗೊತ್ತಾಗುತ್ತೆ. ಆದ್ರೂ ಅದು ಮನೆ ಮನೆಗೂ ಬಂತು, ಕಛೇರಿ ವೇದಿಕೆಗೂ ಹೋಯಿತು. ಯಾಕೆ? ಹಾಡೋರು ತಂಬೂರಿ ಮೇಲೆ ಯಾವ ವಿಷಯಕ್ಕೆ ಭಾರ ಹಾಕ್ತಾರೋ, ಅಲ್ಲಿ ಅದು ಗಟ್ಟಿಯಾಗಿತ್ತು. ಶ್ರುತಿ ಅಲ್ಲಾಡಬಾರದು, ಪ ಸ ಸ ಸ ತಪ್ಪದೆ ಸುತ್ತುತ್ತಿರಬೇಕು, ಹಾರ್ಮೋನಿಕ್‌ಗಳು ಸಾಕಷ್ಟು ತುಂಬಿರಬೇಕು. ಶ್ರುತಿ ನಿಲ್ಲೋದರಲ್ಲಂತೂ ಅದು ಅಸಲಿಗಿಂತ ಒಂದು ಕೈ ಮೇಲೆ, ಯಾಕಂದ್ರೆ ಹವಾಮಾನ ಬದಲಾದ್ರೆ ತಂತಿ ಇಳಿಯುತ್ತೆ, ಸರ್ಕ್ಯೂಟ್ ಅಷ್ಟು ಇಳಿಯಲ್ಲ. ಮರದ ತಂಬೂರಿಯೇ ಬೇಕು ಅನ್ನೋ ವಿದ್ವಾಂಸರು ಇವತ್ತಿಗೂ ಇದ್ದಾರೆ, ಅವರು ಹೇಳೋದೂ ಸರಿಯೇ. ಆದ್ರೆ ತಂಬೂರಿ ಕೊಳ್ಳೋಕಾಗದ ಮನೆಯ ಮಕ್ಕಳು ಶ್ರುತಿ ಇಟ್ಕೊಂಡು ಅಭ್ಯಾಸ ಮಾಡೋದಕ್ಕೆ ಆ ಪೆಟ್ಟಿಗೆ ಸಾಕಾಯಿತು.

ಹಾಗಾದ್ರೆ ನಾವು ಎಲ್ಲಿ ಭಾರ ಹಾಕ್ತೀವಿ?

ಗಿಟಾರ್‌ಗೂ ಇದೇ ಪ್ರಶ್ನೆ ಕೇಳೋಣ. ನುಡಿಸೋ ಬೆರಳು, ಕೇಳೋ ಕಿವಿ ಯಾವುದನ್ನ ನಂಬಿಕೊಂಡಿರುತ್ತೆ? ನಮಗೆ ನಾಲ್ಕು ಕಾಣಿಸ್ತವೆ.

ಮೊದಲನೇದು ತಡ. ನೀವು ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ 10 ಮಿಲಿಸೆಕೆಂಡ್ ಇದ್ರೆ, ಆಂಪ್‌ನಿಂದ ಸುಮಾರು ಮೂರೂವರೆ ಮೀಟರ್ ದೂರ ನಿಂತು ನುಡಿಸಿದ ಹಾಗೆ. ಅಷ್ಟನ್ನ ಸಹಿಸ್ಕೋಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಬೆರಳು ಎಡವುತ್ತೆ. ಬಫರ್ 512 ಇಟ್ರೆ ಅದೊಂದೇ ಸುಮಾರು 10.7 ಮಿಲಿಸೆಕೆಂಡ್ ತಿನ್ನುತ್ತೆ, 128 ಇಟ್ರೆ 2.7. ಮಾಡೆಲ್ ಬದಲಾಯಿಸೋಕೆ ಮುಂಚೆ ಈ ಸೆಟ್ಟಿಂಗ್ ನೋಡಿ.

ಎರಡನೇದು ಕೈಯ ಮಾತು ಕೇಳೋದು. ಮೆತ್ತಗೆ ಮೀಟಿದ್ರೆ ಸೌಂಡ್ ತಿಳಿಯಾಗಬೇಕು, ಜೋರಾಗಿ ಹೊಡೆದ್ರೆ ಒರಟಾಗಬೇಕು. ಗಿಟಾರ್‌ನ ವಾಲ್ಯೂಮ್ ಇಳಿಸಿದಾಗ ಡಿಸ್ಟಾರ್ಷನ್ ಕರಗಬೇಕು. ಟ್ರೈನಿಂಗ್ ಆಡಿಯೋದಲ್ಲಿ ಬರೀ ಜೋರು ಭಾಗ ಇದ್ರೆ ಇಎಸ್‌ಆರ್ ಚೆನ್ನಾಗೇ ಬರುತ್ತೆ, ಆದ್ರೆ ಮೆತ್ತಗಿನ ನುಡಿಸಾಣಿಕೆ ಸತ್ತಿರುತ್ತೆ.

ಮೂರನೇದು ಸ್ಪೀಕರ್. ಸಾಧಾರಣ ಆಂಪ್ ಮಾಡೆಲ್‌ಗೆ ಒಳ್ಳೆಯ ಸ್ಪೀಕರ್‌ನ ಇಂಪಲ್ಸ್ ರೆಸ್ಪಾನ್ಸ್ ಹಾಕಿದ್ರೆ ಕೇಳೋ ಹಾಗಿರುತ್ತೆ. ಅತ್ಯುತ್ತಮ ಮಾಡೆಲ್‌ಗೆ ಸ್ಪೀಕರನ್ನೇ ಹಾಕದಿದ್ರೆ ಆ ಸೊಳ್ಳೆ ಮತ್ತೆ ಬರುತ್ತೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ "ಇದು ಎಲ್ಲಿಗೆ ಬೇಕು ಸಾರ್" ಅಂತ ಕೇಳಿದ ಕನ್ವಲ್ಯೂಷನ್ ಇಲ್ಲಿಗೆ ಬೇಕು.

ನಾಲ್ಕನೇದು ಆಗಲೇ ನೋಡಿದ ಅಲಿಯಾಸಿಂಗ್. ಹೈ ಗೇನ್‌ನಲ್ಲಿ ನುಡಿಸೋರು ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿಕೊಂಡ್ರೆ ಮುಗೀತು.

ಈ ನಾಲ್ಕು ಸರಿ ಇದ್ರೆ, ಉಳಿದ ತಪ್ಪುಗಳು ಇನ್ನೊಂದು ಆಂಪ್ ಅಂತ ಕೇಳಿಸ್ತವೆ, ಕೆಟ್ಟ ಆಂಪ್ ಅಂತ ಕೇಳಿಸಲ್ಲ.

ಇನ್ನು ಮಾಡೆಲ್ ಎಷ್ಟೇ ಪಕ್ಕಾ ಇದ್ರೂ ಕೊಡಲಾಗದ ವಿಷಯಗಳೂ ಇವೆ. ಕಡಿಮೆ ವಾಲ್ಯೂಮ್‌ನಲ್ಲಿ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಸರಿಯಾಗಿ ಕೇಳಲ್ಲ. ಹೆಡ್‌ಫೋನ್‌ನಲ್ಲಿ ಸಣ್ಣಗೆ ಹಾಕಿದ ಆಂಪ್ ಪೀಚಲು ಅನ್ನಿಸಿದ್ರೆ ಅರ್ಧ ಕಾರಣ ಕಿವಿಯದ್ದೇ. ದೊಡ್ಡ ಆಂಪ್ ಮುಂದೆ ನಿಂತಾಗ ಸ್ಪೀಕರ್‌ನ ಗಾಳಿ ಗಿಟಾರ್ ತಂತಿಯನ್ನೇ ಮತ್ತೆ ಅದುರಿಸುತ್ತಲ್ಲ, ಆ ಸುಖ ಹೆಡ್‌ಫೋನ್‌ನಲ್ಲಿ ಸಿಗಲ್ಲ. ಅದು ಬೇಕು ಅನ್ನೋರು ಆಂಪನ್ನೇ ಇಟ್ಕೊಳ್ಳಲಿ, ಅವರ ಜೊತೆ ನಮಗೆ ಜಗಳ ಇಲ್ಲ.

ಆದ್ರೆ ದೊಡ್ಡ ವೇದಿಕೆಗೆ ಮಾಡೆಲರ್ ಸಾಲಲ್ಲ ಅನ್ನೋರಿಗೆ ಒಂದು ಮಾತು. ಮೆಟಾಲಿಕಾ ನಮ್ಮ ಅರಮನೆ ಮೈದಾನಕ್ಕೆ ಬಂದಿದ್ದು 2011ರ ಅಕ್ಟೋಬರ್ 30ಕ್ಕೆ. ಅದಾಗಿ ಎರಡು ವರ್ಷಕ್ಕೆ, 2013ರ ಡಿಸೆಂಬರ್ 8ರಂದು ಅವರು ಅಂಟಾರ್ಕ್ಟಿಕಾದಲ್ಲಿ ನುಡಿಸಿದ್ರು. ಅಲ್ಲಿನ ಪರಿಸರಕ್ಕೆ ತೊಂದರೆ ಆಗಬಾರದು ಅಂತ ಸ್ಪೀಕರ್ ಇಲ್ಲ, ಕೇಳೋರ ಕಿವಿಗೆಲ್ಲ ಹೆಡ್‌ಫೋನ್. ಗಿಟಾರ್ ಸೌಂಡ್ ಫ್ರ್ಯಾಕ್ಟಲ್ ಆಡಿಯೋದ ಡಿಜಿಟಲ್ ಮಾಡೆಲರ್‌ನಿಂದ. ಆಮೇಲೆ ಟೂರ್‌ಗಳಿಗೂ ಅದನ್ನೇ ಒಯ್ದರು.

ನೀವೇ ಪರೀಕ್ಷೆ ಮಾಡಿ

ನಮ್ಮ ಮಾತು ನಂಬಬೇಡಿ. ಒಂದೇ ರಿಫ್ ಅನ್ನ ಎರಡು ಮಾಡೆಲ್‌ನಲ್ಲಿ, ಅಥವಾ ಸಿಕ್ಕಿದ್ರೆ ಒಂದು ಆಂಪ್ ಮತ್ತು ಒಂದು ಮಾಡೆಲ್‌ನಲ್ಲಿ ರೆಕಾರ್ಡ್ ಮಾಡಿ. ಎರಡರ ವಾಲ್ಯೂಮ್ ಸಮ ಮಾಡೋದನ್ನ ಮರೀಬೇಡಿ, ಯಾಕಂದ್ರೆ ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅನ್ಸೋದು ನಮ್ಮೆಲ್ಲರ ಕಿವಿಯ ಚಟ. ಗೆಳೆಯನೊಬ್ಬ ನಾಣ್ಯ ಚಿಮ್ಮಿ, ನಿಮಗೆ ಹೇಳದೆ ಒಂದನ್ನ ಹಾಕಲಿ. ಹತ್ತು ಸಲ ಊಹಿಸಿ. ಹತ್ತರಲ್ಲಿ ಏಳು ಸರಿ ಬಂತು ಅಂತ ಬೀಗಬೇಡಿ, ಬರೀ ಅದೃಷ್ಟದಲ್ಲೇ ಏಳೋ ಅದಕ್ಕಿಂತ ಜಾಸ್ತಿಯೋ ಸರಿ ಬರೋ ಸಾಧ್ಯತೆ ಶೇ. 17. ಒಂಬತ್ತು ಅಥವಾ ಹತ್ತು ಬಂದ್ರೆ ಅದೃಷ್ಟದ ಪಾಲು ಬರೀ ಶೇ. 1ರ ಆಸುಪಾಸು, ಆಗ ನಿಮಗೆ ನಿಜವಾಗ್ಲೂ ವ್ಯತ್ಯಾಸ ಕೇಳ್ತಿದೆ ಅನ್ನಬಹುದು. ಕೇಳಿದ್ರೆ ಇನ್ನೂ ಒಂದು ಪ್ರಶ್ನೆ ಕೇಳ್ಕೊಳ್ಳಿ: ಯಾವುದು ಅಸಲಿ ಅಂತಲ್ಲ, ಹಾಡಿಗೆ ಯಾವುದು ಒಪ್ಪುತ್ತೆ ಅಂತ.

ಈ ಸಲ ಫೆಸ್ಟ್‌ಗೆ ನಾವು ಆಂಪ್ ಬಾಡಿಗೆಗೆ ತರ್ತಿಲ್ಲ. ಲ್ಯಾಪ್‌ಟಾಪ್, ಒಂದು ಆಡಿಯೋ ಇಂಟರ್‌ಫೇಸ್, ಉಚಿತ ಮಾಡೆಲ್, ಅಲ್ಲಿಂದ ನೇರ ಮಿಕ್ಸರ್. ಉಳಿದ ದುಡ್ಡಲ್ಲಿ ಎಲ್ಲರ ಗಿಟಾರ್‌ಗೂ ಹೊಸ ತಂತಿ, ಮತ್ತೆ ಡ್ರಮ್ಸ್ ಇರೋ ರೂಮ್‌ನಲ್ಲಿ ಎರಡು ಪ್ರಾಕ್ಟೀಸ್ ಜಾಸ್ತಿ. ಆ ಫಸ್ಟ್ ಇಯರ್ ಹುಡುಗನಿಗೂ ಹೇಳಿದ್ದೀವಿ, ಗಿಟಾರ್ ಒಂದು ತಂದ್ರೆ ಸಾಕು ಅಂತ. ನಿಮ್ಮ ಹತ್ರಾನೂ ಗಿಟಾರ್ ಮಾತ್ರ ಇದ್ದು ಆಂಪ್ ಇಲ್ಲದಿದ್ರೆ, ಜಾಗ ಇದೆ, ಬನ್ನಿ.